ಇದರ ಸಿಪಿಯು ಎಲ್ಲೈತೆ?

ನಮ್ಮ ಶಿಕಾರಿಪುರದಲ್ಲಿ ಸಿಪಿಯು ಎಂದರೆ ಡಬ್ಬ. ಮೇಜಿನ ಮೇಲೆ ಟಿವಿಯ ಹಾಗೆ ಕೂತಿರುವುದು ಮಾನಿಟರು, ಅದರ ಮುಂದೆ ಮಲಗಿರುವುದು ಕೀಬೋರ್ಡು, ಪಕ್ಕದಲ್ಲಿ ನಿಂತು ಸದಾ ಗುರ್ರೆನ್ನುತ್ತಿರುವುದು ಸಿಪಿಯು. ಪುಸ್ತಕ ಹಾಗೆ ಹೇಳುವುದಿಲ್ಲ. ಪುಸ್ತಕದ ಪ್ರಕಾರ ಸಿಪಿಯು ಎಂದರೆ ಪ್ರೊಸೆಸರು. ಅದು ಡಬ್ಬದ ಒಳಗೆ ಒಂದು ಹಸಿರು ಹಲಗೆಯ ಮೇಲೆ ಕೂತಿರುವ, ಬಿಸ್ಕತ್ತಿನಷ್ಟು ಅಗಲದ ವಸ್ತು. ಇದನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಬರೆದುಕೊಂಡು ಪೆನ್ನು ಮುಚ್ಚಿದ ಮೇಲೆ, ಮೇಡಂ, ಸಿಪಿಯು ಮೇಲೆ ಧೂಳು ಕೂತೈತೆ, ಒರೆಸಲೇ ಎಂದು ಕೇಳುತ್ತಿದ್ದರು. ಕೊನೆಗೆ ನಾನೇ ಟೈಲರ್ ಬಳಿ ಆ ಡಬ್ಬಕ್ಕೊಂದು ಹೂವಿನ ಬಟ್ಟೆಯ ಗವಸು ಹೊಲಿಯಲು ಕೊಟ್ಟಾಗ ‘ಸಿಪಿಯು ಕವರು’ ಎಂದೇ ಹೇಳಿ ಬಂದೆ. ಇಡೀ ಊರು ಒಂದು ಮಾತು ಹೇಳುವಾಗ ಪುಸ್ತಕ ಹಿಡಿದು ಎಷ್ಟು ದಿನ ಜಗಳಾಡುವುದು?

ತೊಂಬತ್ತರ ದಶಕದ ನಡುವಿನ ಮಾತಿದು. ನಾನು ಹಗಲು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೆ, ಸಂಜೆ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದೆ. ತರಗತಿ ಎಂದರೆ ಒಂದು ಕಂಪ್ಯೂಟರು, ಒಂದು ಬೆಂಚು, ಸರದಿಗಾಗಿ ಕಾಯುವ ಹುಡುಗ ಹುಡುಗಿಯರು. ಆಯುಧಪೂಜೆಯ ದಿನ ಮನೆಯವರು ಮೊದಲು ತಮ್ಮ ಸ್ಕೂಟರಿಗೆ, ಆಮೇಲೆ ನನ್ನ ಕಂಪ್ಯೂಟರಿಗೆ ವಿಭೂತಿ ಕುಂಕುಮ ಹಚ್ಚುವರು. ಮಾನಿಟರಿಗಲ್ಲ, ಕೀಬೋರ್ಡಿಗಲ್ಲ, ಸಿಪಿಯುವಿಗೆ. ಕೆಲಸ ಮಾಡುವುದು ಅದೇ ಅಲ್ಲವೇ ಎಂಬುದು ಅವರ ವಾದ. ಹೂವನ್ನು ಮಾತ್ರ ಗಾಳಿಕಿಂಡಿಯ ಮೇಲೆ ಇಡಬೇಡಿ ಎಂದು ನಾನು ಪ್ರತಿ ಸಲವೂ ಬೇಡಿಕೊಳ್ಳುತ್ತಿದ್ದೆ.

ಮನೆಯವರು ಎಂದೆ. ಹೆಸರು ಹೇಳಬಾರದೆಂಬ ವ್ರತವೇನೂ ಇಲ್ಲ, ಹೇಳಿ ಅಭ್ಯಾಸವಿಲ್ಲ. ತೊಗರ್ಸಿಯ ಮಲ್ಲಿಕಾರ್ಜುನ ದೇವರ ಹೆಸರೇ ಅವರದೂ ಎಂದರೆ ಸಾಕು. ಅವರು ಮಾರುಕಟ್ಟೆ ಯಾರ್ಡಿನಲ್ಲಿ ಹರಾಜಿನ ಸವಾಲು ಕೂಗುತ್ತಿದ್ದರು. ರೈತರು ತಂದು ಸುರಿದ ಗೋವಿನಜೋಳದ, ಭತ್ತದ ರಾಶಿಗಳ ನಡುವೆ ಅವರು ಮುಂದೆ, ಖರೀದಿಯ ವ್ಯಾಪಾರಸ್ಥರು ಹಿಂದೆ. ರಾಶಿಯಿಂದ ರಾಶಿಗೆ ಹೋಗುತ್ತಾ ದರ ಕೂಗುವುದು, ಯಾರೋ ಕಣ್ಣು ಮಿಟುಕಿಸಿದರೆ ಏರಿಸುವುದು, ಮುಗಿಸುವುದು, ಮುಂದಿನ ರಾಶಿಗೆ ಹಾರುವುದು. ಅವರ ಕೂಗು ಎಷ್ಟು ವೇಗವೆಂದರೆ ಹೊಸಬರಿಗೆ ಅದು ಕನ್ನಡವೆಂದೇ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲೂ ಹಾಗೆಯೇ. ಉಪ್ಪು ಬೇಕಾದರೂ ಮೂರು ಸಲ ಕೇಳುವರು, ಮೂರನೆಯದಕ್ಕೆ ನಾನು ಕೊಡದಿದ್ದರೆ ಬೇರೆ ಯಾರಿಗೋ ಹೋಗಿಬಿಡುತ್ತದೆ ಎನ್ನುವ ಹಾಗೆ. ನಾನು ಸೊರಬ ತಾಲ್ಲೂಕಿನ ಹೊಸಬಾಳೆಯವಳು. ನಮ್ಮ ಕಡೆ ಒಂದು ಮಾತು ಆಡಿ, ಅದು ಎದುರಿನವರಿಗೆ ತಲುಪಿತೇ ಎಂದು ನೋಡಿ, ಇನ್ನೊಂದು ಆಡುತ್ತಾರೆ. ಮದುವೆಯಾದ ಹೊಸತರಲ್ಲಿ ನಾನು ಉತ್ತರ ಕೊಡುವಷ್ಟರಲ್ಲಿ ಇವರು ಎರಡು ಪ್ರಶ್ನೆ ಮುಂದೆ ಹೋಗಿರುತ್ತಿದ್ದರು.

ಅಂಥ ಮನೆಗೆ ಒಂದು ದಿನ ನನ್ನ ತಮ್ಮ ಗುರುಪಾದ ಲ್ಯಾಪ್‌ಟಾಪು ತಂದ. ಅವನು ಬೀಜದ ಕಂಪನಿಯಲ್ಲಿ ಕೃಷಿ ಪದವೀಧರ. ಸೊರಬದ ಹಳ್ಳಿಗಳನ್ನು ಸುತ್ತಿ ಯಾವ ಹೊಲದಲ್ಲಿ ಯಾವ ತಳಿ ಹೇಗೆ ಬಂದಿದೆ ಎಂದು ಬರೆದುಕೊಳ್ಳುವ ಕೆಲಸ. ಅದಕ್ಕೆಂದು ಕಂಪನಿ ಕೊಟ್ಟದ್ದು. ಅವನು ಅದನ್ನು ಎದೆಗವಚಿಕೊಂಡು ಸೊರಬದ ಬಸ್ಸಿಳಿದು ಬಂದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದ. ನಮ್ಮವರು ಸುತ್ತಲೂ ನೋಡಿದರು, ಬಗ್ಗಿ ಮೇಜಿನ ಕೆಳಗೂ ನೋಡಿದರು.

“ಇದರ ಸಿಪಿಯು ಎಲ್ಲೈತೆ?”

“ಒಳಗೇ ಇದೆ ಭಾವ,” ಎಂದ ಗುರುಪಾದ.

“ಎಲ್ಲಾ ಒಳಗೇ ಇದ್ರೆ ಗಾಳಿ ಎಲ್ಲಿಂದ ಆಡ್ತೈತಪ್ಪ?”

ನಕ್ಕೆವು. ಆದರೆ ಈಗ ಕೂತು ಯೋಚಿಸಿದರೆ, ಡೆಸ್ಕ್‌ಟಾಪಿಗೂ ಲ್ಯಾಪ್‌ಟಾಪಿಗೂ ಇರುವ ವ್ಯತ್ಯಾಸವೆಲ್ಲ ಆ ಪ್ರಶ್ನೆಯಲ್ಲೇ ಇತ್ತು. ಎರಡರ ಪ್ರೊಸೆಸರೂ ಆ ಕಾಲಕ್ಕೆ ನಾಲ್ಕು ಎಂಬತ್ತಾರು ಎಂಬ ಒಂದೇ ವಂಶದವು. ಒಂದೇ ಭಾಷೆ, ಒಂದೇ ಆಜ್ಞೆಗಳು. ಅಲ್ಲಿ ನಡೆಯುವ ಲೆಕ್ಕ ಇಲ್ಲೂ ನಡೆಯುತ್ತದೆ. ಬೇರೆಯಾಗುವುದು ಬದುಕುವ ರೀತಿಯಲ್ಲಿ. ಡೆಸ್ಕ್‌ಟಾಪಿನ ಪ್ರೊಸೆಸರಿಗೆ ಗೋಡೆಯಿಂದ ಬೇಕಾದಷ್ಟು ಕರೆಂಟು ಬರುತ್ತದೆ, ತಲೆಯ ಮೇಲೆ ಸ್ವಂತ ಫ್ಯಾನು ತಿರುಗುತ್ತದೆ, ಸುತ್ತ ಗಾಳಿಯಾಡಲು ಜಾಗವಿದೆ. ಹಾಗಾಗಿ ಅದು ಓಡುವುದೊಂದನ್ನೇ ಬಲ್ಲದು. ನಾವು ಏನೂ ಒತ್ತದೆ ಸುಮ್ಮನೆ ಕೂತಿದ್ದರೂ, ಏನಾದರೂ ಒತ್ತಿದರೇ, ಈಗ ಒತ್ತಿದರೇ, ಈಗಲಾದರೂ ಒತ್ತಿದರೇ ಎಂದು ಪೂರ್ತಿ ವೇಗದಲ್ಲೇ ಕೇಳಿಕೊಳ್ಳುತ್ತಿರುತ್ತದೆ. ಲ್ಯಾಪ್‌ಟಾಪಿನದು ಇಕ್ಕಟ್ಟಿನ ಸಂಸಾರ. ಇರುವ ಬ್ಯಾಟರಿಯಲ್ಲೇ ಬದುಕಬೇಕು, ಮೈ ಬಿಸಿಯಾದರೆ ಆರಿಸಿಕೊಳ್ಳಲು ಜಾಗವಿಲ್ಲ. ಅದಕ್ಕೆಂದೇ ಕಡಿಮೆ ವೋಲ್ಟೇಜಿನಲ್ಲಿ ನಡೆಯುವಂತೆ ಅದನ್ನು ಮಾಡಿರುತ್ತಾರೆ. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಸಿಕ್ಕರೆ ತೂಕಡಿಸುತ್ತದೆ. ಗೋಡೆಯ ವೈರು ಕಿತ್ತರೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಇನ್ನೂ ಒಂದಿದೆ. ಡೆಸ್ಕ್‌ಟಾಪಿನ ಪ್ರೊಸೆಸರನ್ನು ಗೂಡಿನಿಂದ ಎತ್ತಿ ಅದಕ್ಕಿಂತ ಜೋರಿನದನ್ನು ಕೂರಿಸಬಹುದು. ಗುರುಪಾದನ ಲ್ಯಾಪ್‌ಟಾಪಿನಂಥವುಗಳಲ್ಲಿ ಅದನ್ನು ಹಲಗೆಗೇ ಬೆಸೆದಿರುತ್ತಾರೆ, ಹುಟ್ಟುವಾಗ ಬಂದದ್ದರಲ್ಲೇ ಕೊನೆಯತನಕ ಬಾಳುವೆ ಮಾಡಬೇಕು.

ನಮ್ಮ ಡೆಸ್ಕ್‌ಟಾಪಿನಲ್ಲಿ ಟರ್ಬೋ ಎಂಬ ಗುಂಡಿಯೊಂದಿತ್ತು. ಹೆಸರು ಕೇಳಿದರೆ ವೇಗ ಹೆಚ್ಚಿಸುವುದೆಂದು ತೋರುತ್ತದೆ, ನಿಜವಾಗಿ ಅದರ ಉಪಯೋಗ ವೇಗ ಇಳಿಸುವುದಕ್ಕೆ. ಹಳೆಯ ಕೆಲವು ಪ್ರೋಗ್ರಾಮುಗಳು ಹೊಸ ಪ್ರೊಸೆಸರಿನ ಓಟಕ್ಕೆ ಹೊಂದಿಕೊಳ್ಳಲಾರದೆ ಎಡವುತ್ತಿದ್ದವು, ಅವುಗಳ ಸಲುವಾಗಿ ಇಟ್ಟದ್ದು. ನಿಧಾನ ಮಾಡಲಿಕ್ಕೂ ಯಾರಾದರೂ ದುಡ್ಡು ಕೊಟ್ಟು ಗುಂಡಿ ಇಡಿಸಿಕೊಳ್ಳುತ್ತಾರೆಯೇ ಎಂದು ಮನೆಯವರು ವರ್ಷವೆಲ್ಲ ತಮಾಷೆ ಮಾಡಿದರು. ನಿಮಗೂ ಒಂದು ಇಡಿಸಬೇಕಿತ್ತು ಎಂದು ನಾನು ಹೇಳುತ್ತಿದ್ದೆ. ಆ ಮಾತು ಆಡುವಾಗ ನನಗೆ ಮುಂದಿನದರ ಸುಳಿವಿರಲಿಲ್ಲ.

ಸುಗ್ಗಿ ಮುಗಿಯುವ ದಿನಗಳಲ್ಲಿ, ಒಂದು ರಾಶಿಯ ಮುಂದೆ, ಕೂಗು ಅರ್ಧದಲ್ಲಿರುವಾಗಲೇ ಅವರು ಕುಸಿದರು. ಹಮಾಲರು ಎತ್ತಿ ಯಾರದೋ ಜೀಪಿನಲ್ಲಿ ಮಲಗಿಸಿ ಶಿವಮೊಗ್ಗಕ್ಕೆ ಒಯ್ದರು. ನಾನು ಹಿಂದೆಯೇ ಬಸ್ಸು ಹಿಡಿದು ಹೋದೆ. ಆ ಬಸ್ಸು ಎಲ್ಲ ಊರಿನಲ್ಲೂ ನಿಂತಿತು, ಎಲ್ಲರನ್ನೂ ಹತ್ತಿಸಿಕೊಂಡಿತು, ಎಲ್ಲರ ಚೀಲವನ್ನೂ ಮೇಲಕ್ಕೇರಿಸಿತು. ನಿಧಾನವನ್ನು ನಾನು ಜೀವನದಲ್ಲಿ ದ್ವೇಷಿಸಿದ್ದು ಅವತ್ತೊಂದೇ ದಿನ.

ಹೃದಯದ ಒಂದು ಭಾಗ ಕೆಲಸ ನಿಲ್ಲಿಸಿದೆ, ಉಳಿದದ್ದರಲ್ಲಿ ಬದುಕಬಹುದು ಎಂದರು ಡಾಕ್ಟರು. ಆದರೆ ಕೂಗುವ ಹಾಗಿಲ್ಲ, ಓಡುವ ಹಾಗಿಲ್ಲ, ಮಾತು, ನಡಿಗೆ, ಊಟ ಎಲ್ಲವೂ ನಿಧಾನ. ಡಾಕ್ಟರು ಹೇಳಿದ್ದು ನಿಧಾನ. ನಮ್ಮವರಿಗೆ ಕೇಳಿಸಿದ್ದು ನಿಧನ. ಎರಡಕ್ಕೂ ನಡುವೆ ಇರುವುದು ಒಂದೇ ಒಂದು ದೀರ್ಘ, ಒಂದು ಅಕ್ಷರವನ್ನು ಸ್ವಲ್ಪ ಹೊತ್ತು ಹೆಚ್ಚು ಎಳೆಯುವ ತಾಳ್ಮೆ. ಜೀವಮಾನವಿಡೀ ಅಕ್ಷರ ನುಂಗಿ ಕೂಗಿದ ಮನುಷ್ಯನಿಗೆ ಅದನ್ನು ಎಳೆಯುವುದು ಗೊತ್ತಿರಲಿಲ್ಲ.

ಮನೆಗೆ ಬಂದವರು ಮಾತು ಬಿಟ್ಟರು. ಸಿಟ್ಟು ಮಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಅವರು ಮಾಡಲಿಲ್ಲ. ತರಗತಿಯ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕಿಟಕಿಯಿಂದ ಯಾರ್ಡಿಗೆ ಹೋಗುವ ಗಾಡಿಗಳನ್ನು ನೋಡುತ್ತ ಕೂರುವರು. ಮಾತ್ರೆ ಕೊಟ್ಟರೆ ತಗೊಳ್ಳುವರು, ಮರೆತರೆ ಕೇಳುತ್ತಿರಲಿಲ್ಲ. ಒಂದು ದಿನ ಗುರುಪಾದನನ್ನು ಹತ್ತಿರ ಕರೆದು, ಡೆಸ್ಕ್‌ಟಾಪಿನದು ತೆಗೆದು ಹೊಸದು ಹಾಕಾಕೆ ಬರ್ತೈತಂತಲ್ಲ, ಹೌದಾ ಎಂದರು. ಅವನು ಹೌದೆಂದ. “ನಂದು ಆ ಜಾತಿ ಅಲ್ಲ ಬಿಡು,” ಎಂದು ಮತ್ತೆ ಕಿಟಕಿಯ ಕಡೆ ತಿರುಗಿದರು. ಗುರುಪಾದ ಅಡುಗೆಮನೆಗೆ ಬಂದು ನೀರು ಕುಡಿದು, ಅಕ್ಕ, ಭಾವ ಬದುಕುವ ಮನಸ್ಸೇ ಮಾಡ್ತಿಲ್ಲ ಕಣೆ ಎಂದ. ಅದು ನನಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಮೇಲೆ ಒಗ್ಗರಣೆ ಸೀದುಹೋಯಿತು.

ಆಗಿನಿಂದ ನನಗೊಂದು ಅಭ್ಯಾಸ ಬಿತ್ತು. ಬೆಳಿಗ್ಗೆ ಏಳುವ ಮುಂಚೆ, ಅವರಿನ್ನೂ ನಿದ್ದೆಯಲ್ಲಿರುವಾಗ, ಅಂಗೈಯನ್ನು ಅವರ ಎದೆಯ ಮೇಲೆ ಇಟ್ಟು ನೋಡುವುದು. ಬೆಚ್ಚಗಿದೆ, ಒಳಗೆ ನಡೆಯುತ್ತಿದೆ ಎಂದು ತಿಳಿದ ಮೇಲೆಯೇ ಎದ್ದು ಒಲೆ ಹಚ್ಚುತ್ತಿದ್ದೆ. ಅವರಿಗೆ ತಿಳಿದರೆ ಬೇಸರವಾದೀತೆಂದು ಬಳೆ ಸದ್ದಾಗದಂತೆ ಇನ್ನೊಂದು ಕೈಯಿಂದ ಹಿಡಿದಿರುತ್ತಿದ್ದೆ.

ಒಂದು ಸಂಜೆ ತರಗತಿ ನಡೆಯುತ್ತಿತ್ತು. ಗುರುಪಾದ ಬಂದಿದ್ದರಿಂದ ಲ್ಯಾಪ್‌ಟಾಪೂ ಮೇಜಿನ ಮೇಲಿತ್ತು, ಇಬ್ಬರು ಹುಡುಗಿಯರು ಅದರಲ್ಲಿ ಅಭ್ಯಾಸ ಮಾಡುತ್ತಿದ್ದರು. ನಮ್ಮೂರಿನ ಪದ್ಧತಿಯಂತೆ ಕರೆಂಟು ಹೋಯಿತು. ಡೆಸ್ಕ್‌ಟಾಪು ಗುರ್ರೆನ್ನುತ್ತಿದ್ದದ್ದು ನಿಂತಿತು, ಪರದೆ ಕಪ್ಪಾಯಿತು, ಮಾಡಿದ್ದೆಲ್ಲ ಹೋಯಿತು. ಲ್ಯಾಪ್‌ಟಾಪಿನ ಪರದೆ ಮಾತ್ರ ಸ್ವಲ್ಪ ಮಂಕಾಗಿ, ಉಳಿದುಕೊಂಡಿತು. ಮನೆಯವರು ಕುರ್ಚಿ ಎಳೆದುಕೊಂಡು ಅದರ ಮುಂದೆ ಬಂದರು. ಹುಡುಗಿಯರು ಕಾಲೇಜಿನ ಅಂಕಗಳ ಸರಾಸರಿ ತೆಗೆಯುತ್ತಿದ್ದರು. ಡೆಸ್ಕ್‌ಟಾಪಿನಲ್ಲಾದರೆ ಗುಂಡಿಯಿಂದ ಬೆರಳೆತ್ತುವಷ್ಟರಲ್ಲಿ ಪುಟ ತುಂಬಿಬಿಡುತ್ತಿತ್ತು. ಇದರಲ್ಲಿ ಸಾಲೊಂದು ಬಂದು, ನಿಂತು, ಇನ್ನೊಂದು ಬರುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದರು. ಬ್ಯಾಟರಿ ಉಳಿಸಲು ತಾನೇ ವೇಗ ಇಳಿಸಿಕೊಂಡಿದೆ ಎಂದೆ.

“ನಿಧಾನ ಮಾಡಿದ್ರೆ ಲೆಕ್ಕ ತಪ್ಪಲ್ವಾ?”

ಶಿವಮೊಗ್ಗದಿಂದ ಬಂದ ಮೇಲೆ ಅವರು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ನಾನು ಟೀಚರಿನ ಧ್ವನಿಯಲ್ಲಿ ಏನೋ ಹೇಳಹೊರಟು, ಅವರ ಮುಖ ನೋಡಿ ನಿಲ್ಲಿಸಿದೆ.

“ಇಲ್ಲ ಮಾರಾಯ್ರೆ. ಉತ್ತರ ಅದೇ ಬರ್ತದೆ. ಸ್ವಲ್ಪ ತಡ ಆಗ್ತದೆ ಅಷ್ಟೆ.”

ವ್ಯಾಪಾರದ ಅಂಗಳದಲ್ಲಿ ಬೆಳೆದವರು, ಬಾಯಿಮಾತು ನಂಬಲಿಲ್ಲ. ಮರುದಿನ ಕರೆಂಟಿರುವಾಗ ಎರಡನ್ನೂ ಅಕ್ಕಪಕ್ಕ ಇಡಿಸಿದರು. ಲ್ಯಾಪ್‌ಟಾಪಿನ ವೈರನ್ನು ತಾವೇ ಕಿತ್ತರು. ಒಂದೇ ಲೆಕ್ಕವನ್ನು ಎರಡಕ್ಕೂ ಕೊಡಿಸಿ, ಕನ್ನಡಕ ಹಾಕಿಕೊಂಡು, ಸಾಲುಸಾಲಾಗಿ ಬೆರಳಿಟ್ಟು ತಾಳೆ ನೋಡಿದರು. ದಶಾಂಶದ ಕೊನೆಯ ಅಂಕಿಯವರೆಗೂ ಎರಡೂ ಒಂದೇ ಇದ್ದವು. ಅವರು ಕನ್ನಡಕ ತೆಗೆದು ಮಡಚಿದರು. ಆಮೇಲೆ ಮಾತ್ರೆಯ ಹೊತ್ತಾಗಿಲ್ಲವೇ ಎಂದು ಕೇಳಿದರು. ನಾನು ಒಳಗೆ ಹೋಗಿ, ಮಾತ್ರೆಯ ಡಬ್ಬಿ ಹಿಡಿದುಕೊಂಡು, ಕಣ್ಣೊರೆಸಿಕೊಂಡು ಬಂದೆ.

ಆ ದಿನಗಳಲ್ಲೇ ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರು ಒಂದು ವಿಷಯ ಹೇಳಿದರು. ಹಳೆಯ ಕನ್ನಡದಲ್ಲಿ ನಿಧಾನವೆಂದರೆ ನಿಧಿ ಎಂದೂ ಅರ್ಥವಂತೆ, ನೆಲದಲ್ಲಿ ಹೂತಿಟ್ಟ ಸಂಪತ್ತು. ಅದು ಹೇಗೆ ಮೆಲ್ಲಗೆ ಎಂಬ ಅರ್ಥಕ್ಕೆ ಬಂದು ನಿಂತಿತೋ ಅವರು ವಿವರಿಸಿದರು, ನನಗೆ ಪೂರ್ತಿ ತಲೆಗೆ ಹೋಗಲಿಲ್ಲ. ಜೋಪಾನವಾಗಿ ಇಟ್ಟುಕೊಂಡದ್ದನ್ನು ಯಾರೂ ಅವಸರದಲ್ಲಿ ಖರ್ಚು ಮಾಡುವುದಿಲ್ಲ ಎಂದು ನಾನೇ ಅರ್ಥ ಮಾಡಿಕೊಂಡೆ. ಮನೆಗೆ ಬಂದು ಇವರಿಗೆ ಹೇಳಿದರೆ, ಹಂಗಾದ್ರೆ ನಿಮ್ಮ ಸೊರಬದವರೆಲ್ಲಾ ಶ್ರೀಮಂತರು ಬಿಡು ಎಂದರು. ಇವರು ಮತ್ತೆ ತಮಾಷೆ ಮಾಡಿದರಲ್ಲ ಎಂದು ನನಗೆ ಆ ಮೇಷ್ಟ್ರ ಮೇಲೆ ಗೌರವ ಹೆಚ್ಚಿತು.

ಆದರೆ ಅವರು ಮತ್ತೆ ಯಾರ್ಡಿಗೆ ಹೋಗುತ್ತೇನೆ ಎಂದಾಗ ನಾನು ಅಡ್ಡ ನಿಂತೆ. ಲೆಕ್ಕ ತಪ್ಪುವುದಿಲ್ಲವೆಂದು ಹೇಳಿಕೊಟ್ಟವಳು ನಾನೇ, ಈಗ ಬೇಡವೆನ್ನುವವಳೂ ನಾನೇ. ನೀನು ಹೇಳಿದ್ದು ಯಂತ್ರಕ್ಕೆ ಮಾತ್ರನಾ ಎಂದು ಕೇಳಿದರು. ಡಾಕ್ಟರನ್ನು ಕೇಳಿದೆವು. ಕೂಗದೆ, ಅವಸರ ಮಾಡದೆ, ಸಾಕೆನಿಸಿದಾಗ ಕೂರುವುದಾದರೆ ಸ್ವಲ್ಪ ಹೊತ್ತು ಆಗಬಹುದು ಎಂದು ಅವರು ಅರೆಮನಸ್ಸಿನಿಂದ ಒಪ್ಪಿದರು. ಕೂಗದೆ ಸವಾಲು ಹಾಕುವುದು ಹೇಗೆಂದು ಡಾಕ್ಟರಿಗೇನು ಗೊತ್ತು, ನಮಗೂ ಗೊತ್ತಿರಲಿಲ್ಲ.

ಮೊದಲ ದಿನ ನಾನೂ ಕಾಲೇಜಿಗೆ ರಜೆ ಹಾಕಿ ಹಿಂದೆ ಹೋದೆ. ಮದುವೆಯಾಗಿ ಅಷ್ಟು ವರ್ಷವಾದರೂ ಅವರ ಸವಾಲನ್ನು ನಾನು ಎದುರಿಗೆ ನಿಂತು ನೋಡಿದ್ದೇ ಇರಲಿಲ್ಲ. ರಾಶಿಯ ಮುಂದೆ ನಿಂತರು. ಒಂದು ದರ ಹೇಳಿದರು, ಮಾತಾಡುವ ಧ್ವನಿಯಲ್ಲಿ. ನಿಲ್ಲಿಸಿ ಉಸಿರು ತೆಗೆದುಕೊಂಡರು. ಸುತ್ತ ಕೂತವರು ನಿಂತವರನ್ನೆಲ್ಲ ನೋಡಿದರು. ಇನ್ನೊಂದು ಹೇಳಿದರು. ಧ್ವನಿ ಸಣ್ಣದಾದ್ದರಿಂದ ವ್ಯಾಪಾರಸ್ಥರು ಹತ್ತಿರ ಬಂದು ನಿಲ್ಲಬೇಕಾಯಿತು, ಗಲಾಟೆ ನಿಲ್ಲಿಸಬೇಕಾಯಿತು. ಒಬ್ಬರಿಬ್ಬರು ಗಡಿಯಾರ ನೋಡಿಕೊಂಡರು. ನಾನು ಕಂಬದ ಮರೆಯಲ್ಲಿ ನಿಂತು ಪ್ರತಿ ನಿಲುಗಡೆಯಲ್ಲೂ, ಇದು ಉಸಿರಿಗಾಗಿ ನಿಂತದ್ದೋ, ನಿಂತೇ ಹೋದದ್ದೋ ಎಂದು ಹೆದರುತ್ತಿದ್ದೆ. ಪ್ರತಿ ಸಲವೂ ಮುಂದಿನ ದರ ಬಂತು.

ರಾಶಿಯ ಪಕ್ಕದಲ್ಲಿ ತೊಗರ್ಸಿ ಕಡೆಯ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು, ರಾಶಿ ಅವರದೇ. ಸವಾಲು ಮುಗಿದ ಮೇಲೆ ಸೆರಗು ಕೊಡವಿ ಎದ್ದು ನಮ್ಮವರ ಹತ್ತಿರ ಬಂದರು.

“ಇಷ್ಟು ವರ್ಷದಿಂದ ತರ್ತಾ ಇದೀನ್ರೀ,” ಎಂದರು, “ನಮ್ ರಾಶಿ ಸವಾಲು ಇವತ್ತೇ ನಂಗೆ ಕೇಳ್ಸಿದ್ದು.”

ನಮ್ಮವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಕೂಗುತ್ತಿದ್ದದ್ದು ಕೊಳ್ಳುವವರಿಗೆ, ಬೆಳೆದವರು ಅದನ್ನು ಕೇಳಬೇಕೆಂದು ಅವರಿಗಾಗಲಿ ಬೇರೆ ಯಾರಿಗಾಗಲಿ ಹೊಳೆದಿರಲಿಲ್ಲ.

ಇಲ್ಲಿಗೆ ಮುಗಿಸಿದರೆ ಕಥೆ ಚೆನ್ನಾಗಿರುತ್ತಿತ್ತು. ಯಾರ್ಡು ಕಥೆಯಲ್ಲ. ರಾಶಿಗಳು ಮಧ್ಯಾಹ್ನದವರೆಗೂ ಉಳಿಯುತ್ತವೆ ಎಂದು ವ್ಯಾಪಾರಸ್ಥರು ದೂರಿದರು. ಅವರು ಹೇಳಿದ್ದೂ ಸುಳ್ಳಲ್ಲ, ಲಾರಿ ಕಾಯುವುದಿಲ್ಲ. ದೊಡ್ಡ ರಾಶಿಗಳಿಗೆ ಯಾರ್ಡಿನವರು ಬೇರೆ ಒಬ್ಬರನ್ನು ನೇಮಿಸಿದರು. ಇವರಿಗೆ ಯಾರ್ಡಿನ ಕೊನೆಯ ಕಟ್ಟೆಯ ಸಣ್ಣ ರಾಶಿಗಳನ್ನು ಬಿಟ್ಟರು, ನಾಲ್ಕೈದು ಚೀಲ ತಂದವರದ್ದು. ಅದು ಅವಮಾನವೆಂದು ಕೆಲವು ದಿನ ಅನ್ನ ಸರಿಯಾಗಿ ಉಣ್ಣಲಿಲ್ಲ. ಆಚೆಯಿಂದ ಹೊಸಬರ ಓಡುವ ಕೂಗು ಕೇಳಿಸಿದಾಗ ಇವರ ಬಾಯಿಯೂ ತನ್ನಷ್ಟಕ್ಕೆ ಆಡುತ್ತಿತ್ತಂತೆ. ಆದರೆ ಕಟ್ಟೆಗೆ ಹೋಗುವುದನ್ನು ಬಿಡಲಿಲ್ಲ. ಸಣ್ಣ ರಾಶಿಯವರಿಗೆ ಹೇಗೂ ಅವಸರವಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಗುರುಪಾದನೂ ಬಂದಿದ್ದ. ಮನೆಯವರು ಸ್ಕೂಟರಿಗೆ ವಿಭೂತಿ ಎಳೆದು, ನಿಂಬೆಹಣ್ಣು ಇಟ್ಟು, ತಟ್ಟೆ ಹಿಡಿದು ಒಳಗೆ ಬಂದರು. ಹೂವಿನ ಗವಸು ತೆಗೆದು ಸಿಪಿಯುವಿಗೆ ಹಚ್ಚಿದರು. ಗಾಳಿಕಿಂಡಿಯಿಂದ ದೂರವೇ ಹೂವಿಟ್ಟರು, ಹೇಳಿಸಿಕೊಳ್ಳದೆ. ಪಕ್ಕದಲ್ಲಿ ಲ್ಯಾಪ್‌ಟಾಪು ತೆರೆದಿತ್ತು, ಬೆಳಗಿನಿಂದ ಗುರುಪಾದ ಅದರಲ್ಲಿ ಏನೋ ಬರೆಯುತ್ತಿದ್ದ. ಇವರು ಬೆರಳಲ್ಲಿ ವಿಭೂತಿ ಹಿಡಿದು ಅದರ ಮುಂದೆ ನಿಂತರು.

“ಇದರ ಸಿಪಿಯು ಎಲ್ಲೈತೆ ಅಂತ ಹಚ್ಚಾದು?”

ಕಂಪ್ಯೂಟರ್ ಕಲಿಸುವವಳು ನಾನು. ಕೀಗಳ ಕೆಳಗೆ ಎಲ್ಲೋ ಇರಬೇಕು, ನಾನೂ ನೋಡಿಲ್ಲ ಎಂದೆ. ಬಿಚ್ಚಿದರೆ ಕಂಪನಿಯವರು ಬೈತಾರೆ ಭಾವ ಎಂದ ಗುರುಪಾದ. ಅವರು ವಿಭೂತಿಯನ್ನು ತಟ್ಟೆ ಹಿಡಿದ ಕೈಗೆ ದಾಟಿಸಿ, ಖಾಲಿಯಾದ ಅಂಗೈಯನ್ನು ಕೀಗಳ ಮೇಲೆ ಮೆಲ್ಲಗೆ ಊರಿದರು. ಒತ್ತದೆ, ಒಂದೊಂದು ಜಾಗದಲ್ಲಿ ಸ್ವಲ್ಪ ಹೊತ್ತು ಇಟ್ಟು, ಮುಂದಕ್ಕೆ ಜರುಗಿಸುತ್ತ ಹೋದರು. ಎಡಗಡೆ ಒಂದು ಕಡೆ ಕೈ ನಿಂತಿತು.

“ಇಲ್ಲೈತೆ. ಬೆಚ್ಚಗೈತೆ ನೋಡು.”

ಗುರುಪಾದ ಮುಟ್ಟಿ ನೋಡಿ, ಹೌದಲ್ಲ ಭಾವ, ಹ್ಯಾಗೆ ಗೊತ್ತಾಯ್ತು ಎಂದು ಕೇಳಿದ. ಇವರು ಆ ಜಾಗದ ನೇರಕ್ಕೆ, ಕೀಗಳ ಸಂದಿಗೆ ಉದುರದಂತೆ ಅಂಚಿನಲ್ಲಿ ವಿಭೂತಿ ಎಳೆದು, ತಟ್ಟೆ ನನ್ನ ಕೈಗೆ ಕೊಡುತ್ತ ನನಗಷ್ಟೇ ಕೇಳುವಂತೆ ಹೇಳಿದರು.

“ನೀನು ದಿನಾ ಬೆಳಿಗ್ಗೆ ನೋಡ್ತೀಯಲ್ಲ, ಹಂಗೇ ನೋಡ್ದೆ.”

ಬಳೆಗಳನ್ನು ಅಷ್ಟು ಜೋಪಾನವಾಗಿ ಹಿಡಿದದ್ದು ದಂಡವಾಯಿತು. ಮರುದಿನ ಬೆಳಿಗ್ಗೆ ಹಿಡಿಯದೆ ಕೈಯಿಟ್ಟೆ. ಬಳೆ ಸದ್ದು ಮಾಡಿದವು. ಅವರು ಕಣ್ಣು ಮುಚ್ಚಿಕೊಂಡೇ, ಅವಸರವಿಲ್ಲದೆ, ನಡೀತೈತೆ ಎಂದರು.